ವಿದ್ಯಾರ್ಥಿಗಳ ಸಹವಾಸವೂ ಜಾತಿಯ ಪೂರ್ವಗ್ರಹವೂ

೧೮೫೬ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಧಾರವಾಡದ ಮಹಾರ ಜಾತಿಯ ಹುಡುಗನೊಬ್ಬನ ಅರ್ಜಿಯು ಮುಂಬಯಿ ಸರಕಾರದ ಮುಂದೆ ಬಂದಿತು. ರೂಢಿಯ ಶುಲ್ಕವನ್ನು ಕೊಡಲು ಸಿದ್ಧನಿದ್ದರೂ ಊರಿನ ಸರಕಾರೀ ಶಾಲೆಯಲ್ಲಿ ಅವನಿಗೆ ಪ್ರವೇಶ ದೊರೆಯಲಿಲ್ಲವೆಂಬುದೇ ಆ ಅರ್ಜಿಯ ಸಾರಾಂಶ. ಮುಂಬಯಿ ಇಲಾಖೆಯಲ್ಲಿ ವಿದ್ಯಾಖಾತೆಯು ಸ್ಥಾಪಿತವಾಗಿ ಆಗ ಒಂದು ವರ್ಷ ಮಾತ್ರ ಕಳೆದಿತ್ತು. ಜನಸಾಮಾನ್ಯರಿಗೆಲ್ಲ ವಿದ್ಯೆಯನ್ನು ಮುಟ್ಟಿಸಬೇಕೆಂಬ ಮಾತು ಸರಕಾರದ ಕಾಗದಗಳಲ್ಲಿ ಅದಾಗಲೇ ಬಂದಿದ್ದಿತು. ಆ ಮಾತಿನ ಬೆಲೆಯು ಎಷ್ಟೆಂಬುದನ್ನು ಒರೆಗೆ ಹಚ್ಚಿ ನೋಡಿದವನು ಈ ಬಾಲಕನು.

ಜುಲೈ ತಿಂಗಳಿನಲ್ಲಿ ಸರಕಾರವು ಠರಾವು ಮಾಡಿತು. ನ್ಯಾಯವು ಬಾಲಕನ ಪಕ್ಷದಲ್ಲಿದೆಯೆಂದು ಅದು ಒಪ್ಪಿಕೊಂಡಿತು. ಆದರೆ ಒಬ್ಬನ ಸಲುವಾಗಿ, ಮೇಲಿನ ಜಾತಿಗಳ ಮಕ್ಕಳೇ ಕಲಿಯುತ್ತಿರುವ ಶಾಲೆಯಲ್ಲಿ ಅವನನ್ನು ಬಲವಂತವಾಗಿ ಕೂಡಿಸಿದರೆ ಆ ಶಾಲೆಯೇ ಬಹುಜನರಿಗೆ ನಿರುಪಯೋಗವಾದೀತೆಂಬ ಭಯವನ್ನು ಮುಂದೆ ಮಾಡಿ, ಅರ್ಜಿಯನ್ನು ತಳ್ಳಿಹಾಕಿತು. ೧೮೫೭ರ ಜನವರಿಯಲ್ಲಿ ಕಲಕತ್ತೆಯ ಹಿಂದುಸ್ಥಾನ ಸರಕಾರವು, ಬಂಗಾಲದಲ್ಲಾಗಿದ್ದರೆ ಈ ಹುಡುಗನಿಗೆ ಬಹುಶಃ ಪ್ರವೇಶವನ್ನು ನಿರಾಕರಿಸುತ್ತಿರಲಿಲ್ಲವೆಂದು ಮುಂಬಯಿಗೆ ಬರೆಯಿತು. ೧೮೫೮ರ ಏಪ್ರಿಲಿನಲ್ಲಿ ಲಂಡನ್ನಿನಲ್ಲಿದ್ದ ಕಂಪನಿಯ ನಿರ್ದೇಶಕರು, ಸರಕಾರೀ ಶಾಲೆಗಳು ಭೇದವಿಲ್ಲದೆ ಎಲ್ಲ ವರ್ಗದವರಿಗಾಗಿಯೂ ಇರತಕ್ಕವೆಂದು ಸ್ಪಷ್ಟಪಡಿಸಿದರು. ಎಪ್ಪತ್ತೆರಡು ವರ್ಷಗಳ ತರುವಾಯ, ೧೯೨೮ರಲ್ಲಿ, ಡಾ. ಅಂಬೇಡಕರರು ಸೈಮನ್ ಆಯೋಗಕ್ಕೆ ಸಲ್ಲಿಸಿದ ಮನವಿಯಲ್ಲಿ ಧಾರವಾಡದ ಈ ಪ್ರಕರಣವನ್ನು ಮತ್ತೆ ಎತ್ತಿ ಹೇಳಿದರು. ನಮ್ಮ ನಾಡಿನ ಶಾಲೆಗಳ ಇತಿಹಾಸದಲ್ಲಿ ಇದು ಮರೆಯತಕ್ಕ ಸಂಗತಿಯಲ್ಲ.

ಈ ಪತ್ರವ್ಯವಹಾರವನ್ನು ಗಮನವಿಟ್ಟು ನೋಡಿದವರಿಗೆ ಒಂದು ವಿಷಯವು ಹೊಳೆಯದೆ ಇರದು. ಮುಂಬಯಿ, ಕಲಕತ್ತೆ, ಲಂಡನ್ ಈ ಮೂರೂ ಕಡೆಯ ಅಧಿಕಾರಿಗಳು ವಾದಿಸಿದುದು ಶಾಲೆಯ ಬಾಗಿಲನ್ನು ಕುರಿತು. ಹುಡುಗನನ್ನು ಒಳಗೆ ಬಿಡಬೇಕೆ, ಬಿಡಬಾರದೆ ಎಂಬುದೇ ಅವರ ಮುಂದಿದ್ದ ಪ್ರಶ್ನೆ. ಒಳಗೆ ಬಿಟ್ಟ ಮೇಲೆ ಅವನು ಎಲ್ಲಿ ಕೂಡತಕ್ಕದ್ದು, ಯಾರೊಡನೆ ಓದತಕ್ಕದ್ದು, ಒಂದೆರಡು ವರ್ಷ ಅವನ ಜೊತೆಯಲ್ಲಿ ಕಲಿತ ಮಕ್ಕಳ ಮನಸ್ಸಿನಲ್ಲಿ ಏನಾದೀತು ಎಂಬುದನ್ನು ಯಾರೂ ಕೇಳಲಿಲ್ಲ. ಕೂಡಿ ಕುಳಿತರೆ ಶಾಲೆ ಕೆಡುತ್ತದೆಯೆಂದು ಒಂದು ಪಕ್ಷದವರು ಅಂಜಿದರು. ಕೂಡಿಸಿದರೆ ಸಾಕೆಂದು ಮತ್ತೊಂದು ಪಕ್ಷದವರು ನಂಬಿದರು. ಅಂದಿನಿಂದ ಇಂದಿನವರೆಗಿನ ಅನುಭವವು ಈ ಎರಡು ಪಕ್ಷಗಳೂ ಪೂರ್ಣಸತ್ಯವನ್ನು ಕಾಣಲಿಲ್ಲವೆಂದು ತೋರಿಸುತ್ತದೆ. ಬೇರೆ ಬೇರೆ ವರ್ಗಗಳ ವಿದ್ಯಾರ್ಥಿಗಳ ಒಡನಾಟವು ಪೂರ್ವಗ್ರಹವನ್ನು ಕರಗಿಸಬಲ್ಲುದು. ಆದರೆ ಎಂಥ ಒಡನಾಟವೆಂಬುದರ ಮೇಲೆಯೇ ಎಲ್ಲವೂ ನಿಂತಿದೆ. ಧಾರವಾಡದಿಂದ ಬಹುದೂರವಿಲ್ಲದ ಕೊಲ್ಲಾಪುರ ಮತ್ತು ಸಾತಾರಾ ಎಂಬ ಎರಡು ಊರುಗಳ ಚರಿತ್ರೆಯಿಂದ ಈ ಮಾತನ್ನು ವಿಶದಪಡಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಧಾರವಾಡದ ಪ್ರಕರಣದ ತರುವಾಯ ನಡೆದುದನ್ನು ಸಂಕ್ಷೇಪವಾಗಿ ಹೇಳಬೇಕು. ೧೮೮೨ರಲ್ಲಿ ನೇಮಕವಾದ ಹಂಟರ್ ಆಯೋಗವು, ಜಾತಿಯ ಕಾರಣದಿಂದ ಯಾವ ಬಾಲಕನಿಗೂ ಸರಕಾರೀ ಶಾಲೆಯಲ್ಲಿ ಪ್ರವೇಶವನ್ನು ನಿರಾಕರಿಸಕೂಡದೆಂಬ ತತ್ತ್ವವನ್ನು ಮತ್ತೆ ಎತ್ತಿಹಿಡಿಯಿತು. ಅದರೊಡನೆಯೇ, ಈ ತತ್ತ್ವವನ್ನು ಜಾಗರೂಕತೆಯಿಂದ ಆಚರಣೆಗೆ ತರಬೇಕೆಂದೂ, ಅವಶ್ಯವಿದ್ದಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಪ್ರತ್ಯೇಕ ಶಾಲೆಗಳನ್ನು ತೆರೆಯಬೇಕೆಂದೂ ಸೂಚಿಸಿತು. ತತ್ತ್ವವು ಒಂದು ದಾರಿಯನ್ನೂ ಆಚರಣೆಯು ಇನ್ನೊಂದು ದಾರಿಯನ್ನೂ ಹಿಡಿದವು. ಪ್ರತ್ಯೇಕ ಶಾಲೆಗಳು ಹೆಚ್ಚಿದವು.

ಪ್ರತ್ಯೇಕ ಶಾಲೆಗಳನ್ನು ಹಳಿಯುವುದು ನಮ್ಮ ಅಭಿಪ್ರಾಯವಲ್ಲ. ಮಂಗಳೂರಿನ ಕುದ್ಮುಲ್ ರಂಗರಾಯರು ೧೮೯೨ರಲ್ಲಿ ದಲಿತರ ಮಕ್ಕಳಿಗಾಗಿ ಶಾಲೆಯನ್ನು ತೆರೆದು, ೧೮೯೭ರಲ್ಲಿ ದಲಿತೋದ್ಧಾರದ ಸಂಸ್ಥೆಯನ್ನು ಸ್ಥಾಪಿಸಿದರು. ಸಾರಸ್ವತ ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಅವರು ಸ್ವಜಾತಿಯವರ ಬಹಿಷ್ಕಾರವನ್ನು ಸಹಿಸಿಕೊಂಡು ಈ ಕಾರ್ಯವನ್ನು ನಡೆಸಿದರು. ಬಾಗಿಲುಗಳೆಲ್ಲ ಮುಚ್ಚಿದ್ದ ಕಾಲದಲ್ಲಿ ಒಂದು ಬಾಗಿಲನ್ನು ತೆರೆದವರ ಋಣವು ದೊಡ್ಡದು. ಆದರೆ ಪ್ರತ್ಯೇಕ ಶಾಲೆಯಿಂದ ದಲಿತ ಬಾಲಕನಿಗೆ ಅಕ್ಷರವು ಬಂದೀತೇ ಹೊರತು, ಊರಿನ ಇತರ ಬಾಲಕರ ಮನಸ್ಸಿನಲ್ಲಿದ್ದ ಭಾವನೆಯು ಅದರಿಂದ ಬದಲಾಗುವಂತಿರಲಿಲ್ಲ. ಅವರು ಅವನನ್ನು ಕಾಣುತ್ತಲೇ ಇರಲಿಲ್ಲ. ಕಾಣದಿದ್ದವನನ್ನು ಕುರಿತು ಮನೆಯಲ್ಲಿ ಕೇಳಿದ ಮಾತುಗಳೇ ಅವರಿಗೆ ಪ್ರಮಾಣವಾಗಿದ್ದವು.

ಹಾಗಾದರೆ ಒಂದೇ ಶಾಲೆಯಲ್ಲಿ ಕೂಡಿಸಿದ ಕಡೆಗಳಲ್ಲಿ ಆದುದೇನು? ಇದಕ್ಕೆ ಸಾತಾರೆಯ ಉದಾಹರಣೆಗಿಂತ ಸ್ಪಷ್ಟವಾದುದು ಬೇರೆ ಬೇಕಿಲ್ಲ. ೧೯೦೦ರ ನವಂಬರ್ ೭ರಂದು ಸಾತಾರೆಯ ಸರಕಾರೀ ಪ್ರೌಢಶಾಲೆಯಲ್ಲಿ ಭೀಮರಾವ್ ಎಂಬ ಬಾಲಕನ ಹೆಸರು ದಾಖಲಾಯಿತು. ಲಂಡನ್ನಿನ ನಿರ್ದೇಶಕರು ಹೇಳಿದಂತೆ ಇಲ್ಲಿ ಬಾಗಿಲು ತೆರೆದಿತ್ತು. ಬಾಲಕನು ಒಳಗೆ ಬಂದನು. ಮುಂದೆ ಡಾ. ಅಂಬೇಡಕರರೆಂದು ಜಗದ್ವಿಖ್ಯಾತರಾದ ಇವರು ತಮ್ಮ ಬಾಲ್ಯದ ಶಾಲೆಯ ಸ್ಥಿತಿಯನ್ನು ತಾವೇ ಬರೆದಿಟ್ಟಿದ್ದಾರೆ. ಜಾಣತನದ ಕ್ರಮದಂತೆ ಸಹಪಾಠಿಗಳ ನಡುವೆ ಕುಳಿತುಕೊಳ್ಳಲು ಅವರಿಗೆ ಅವಕಾಶವಿರಲಿಲ್ಲ. ಒಂದು ಮೂಲೆಯಲ್ಲಿ ಒಬ್ಬರೇ ಕೂಡಬೇಕಾಗಿದ್ದಿತು. ಕೂಡಲು ಬೇರೆಯಾದ ಒಂದು ಗೋಣಿತಟ್ಟು. ಶಾಲೆಯನ್ನು ಗುಡಿಸುವ ಆಳು ಅದನ್ನು ಮುಟ್ಟುತ್ತಿರಲಿಲ್ಲವಾದುದರಿಂದ ಸಂಜೆ ಅದನ್ನು ಮನೆಗೆ ಒಯ್ದು ಮರುದಿನ ಮತ್ತೆ ತರಬೇಕು. ಬಾಯಾರಿದರೆ ಶಾಲೆಯ ಜವಾನನು ಬಂದು ನಳವನ್ನು ತಿರುವಬೇಕು. ಜವಾನನಿಲ್ಲದ ದಿನ ನೀರಿಲ್ಲ.

ಒಂದೇ ಸೂರು, ಒಂದೇ ಪಾಠ, ಒಬ್ಬರೇ ಗುರುಗಳು. ಹೊರಗಿನವರ ಲೆಕ್ಕದಲ್ಲಿ ಇದು ಸಹಶಿಕ್ಷಣವೇ ಸರಿ. ಆದರೆ ಈ ಕೋಣೆಯಲ್ಲಿ ಕುಳಿತ ಇತರ ಬಾಲಕರು ಪ್ರತಿದಿನವೂ ಕಲಿತ ಪಾಠವೇನು? ಮನೆಯಲ್ಲಿ ಹಿರಿಯರು ಹೇಳಿದ ಭೇದವನ್ನು ಇಲ್ಲಿ ಗುರುಗಳೂ ಪಾಲಿಸುತ್ತಾರೆ, ಸರಕಾರದ ಜವಾನನೂ ಪಾಲಿಸುತ್ತಾನೆ ಎಂಬುದನ್ನು ಅವರು ಕಣ್ಣಾರೆ ಕಂಡರು. ಮನೆಯಲ್ಲಿ ಮಾತಾಗಿದ್ದುದು ಶಾಲೆಯಲ್ಲಿ ನಿಯಮವಾಯಿತು. ಇಂಥ ಸಹವಾಸದಿಂದ ಪೂರ್ವಗ್ರಹವು ಸವೆಯುವ ಬದಲು ಗಟ್ಟಿಯಾಗುತ್ತದೆ. ಗೋಣಿತಟ್ಟು ಹುಡುಗನ ಕೆಳಗೆ ಇದ್ದಿತು; ಆದರೆ ಅದರ ಗುರುತು ಮೂಡಿದುದು ಸುತ್ತಲಿನ ಮಕ್ಕಳ ಮನಸ್ಸಿನ ಮೇಲೆ.

ಇದೇ ಕಾಲದಲ್ಲಿ ಕೊಲ್ಲಾಪುರದ ಸಂಸ್ಥಾನದಲ್ಲಿ ಬೇರೊಂದು ಬಗೆಯ ಪ್ರಯೋಗವು ನಡೆದಿತ್ತು. ೧೮೯೪ರಲ್ಲಿ ಅಧಿಕಾರಕ್ಕೆ ಬಂದ ಶಾಹು ಮಹಾರಾಜರು ೧೮೯೬ರಲ್ಲಿ ಎಲ್ಲ ಜಾತಿಯ ವಿದ್ಯಾರ್ಥಿಗಳಿಗಾಗಿ ಒಂದು ವಸತಿಗೃಹವನ್ನು ತೆರೆಯಿಸಿದರು. ಉದ್ದೇಶವು ಉದಾರವಾದುದು. ಆದರೆ ಕೆಲಕಾಲದಲ್ಲಿಯೇ ಅದು ಬಹುತೇಕ ಬ್ರಾಹ್ಮಣ ವಿದ್ಯಾರ್ಥಿಗಳದೇ ಆಗಿಬಿಟ್ಟಿತು. ಎಲ್ಲರಿಗೂ ತೆರೆದ ಮನೆಯಲ್ಲಿ ಮೊದಲಿನಿಂದಲೂ ಬಲವಿದ್ದವರು ಉಳಿದುಕೊಳ್ಳುವರು, ಇಲ್ಲದವರು ತಾವಾಗಿಯೇ ಹಿಂದೆ ಸರಿಯುವರು ಎಂಬ ಲೋಕಾನುಭವವು ಅಲ್ಲಿಯೂ ನಿಜವಾಯಿತು. ಮಹಾರಾಜರು ಇದನ್ನು ಕಂಡು ದಾರಿಯನ್ನು ಬದಲಿಸಿದರು. ೧೯೦೧ರಲ್ಲಿ ಮರಾಠಾ ವಿದ್ಯಾರ್ಥಿಗಳಿಗೂ ಜೈನರಿಗೂ ಬೇರೆ ಬೇರೆ ವಸತಿಗೃಹಗಳಾದವು. ತರುವಾಯ ಲಿಂಗಾಯತರಿಗೆ, ಮುಸಲ್ಮಾನರಿಗೆ, ಇತರ ಸಮಾಜಗಳವರಿಗೆ ಒಂದೊಂದರಂತೆ ಎದ್ದವು. ೧೯೦೮ರಲ್ಲಿ ಅಸ್ಪೃಶ್ಯರೆನಿಸಿದ ವಿದ್ಯಾರ್ಥಿಗಳಿಗಾಗಿ ಮುಂಬಯಿ ಗವರ್ನರರ ಮಗಳಾದ ಮಿಸ್ ಕ್ಲಾರ್ಕ್ ಅವರ ಹೆಸರಿನ ವಸತಿಗೃಹವು ಸ್ಥಾಪಿತವಾಯಿತು.

ಹಳ್ಳಿಯ ಹುಡುಗನು ಪಟ್ಟಣಕ್ಕೆ ಬಂದು ಓದುವುದು ಈ ವಸತಿಗೃಹಗಳಿಂದಲೇ ಸಾಧ್ಯವಾಯಿತು. ಕನ್ನಡ ನಾಡಿನಲ್ಲಿಯೂ ಇದೇ ಮಾದರಿಯು ಬೆಳೆಯಿತು. ೧೮೮೩ರಲ್ಲಿ ಧಾರವಾಡದಲ್ಲಿ ಹುಟ್ಟಿದ ಲಿಂಗಾಯತ ವಿದ್ಯಾಸಂಸ್ಥೆ, ೧೯೦೬ರ ಬೆಂಗಳೂರಿನ ಒಕ್ಕಲಿಗರ ಸಂಘ, ೧೯೧೬ರ ಬೆಳಗಾವಿಯ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆ ಮೊದಲಾದವುಗಳ ಆಶ್ರಯದಿಂದ ಓದಿ ಮುಂದೆ ಬಂದ ಮನೆತನಗಳು ವಾಚಕರಲ್ಲಿಯೂ ಅನೇಕವಿರಬಹುದು. ಈ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಅದರೊಡನೆ ಇನ್ನೊಂದು ಮಾತನ್ನೂ ಹೇಳದೆ ಇರಲಾಗದು. ಜಾತಿಗೊಂದು ಒಲೆ, ಜಾತಿಗೊಂದು ಪಂಕ್ತಿಯಾದ ಮೇಲೆ, ಹದಿನಾಲ್ಕರಿಂದ ಇಪ್ಪತ್ತರವರೆಗಿನ ವಯಸ್ಸನ್ನು, ಎಂದರೆ ಗೆಳೆತನಗಳು ಬೇರೂರುವ ವಯಸ್ಸನ್ನು, ಹುಡುಗರು ಸ್ವಜನರ ನಡುವೆಯೇ ಕಳೆದರು. ವಿದ್ಯೆಯು ಹಂಚಿತು, ವಿದ್ಯಾರ್ಥಿಗಳೂ ಹಂಚಿಹೋದರು.

ಶಾಹು ಮಹಾರಾಜರಿಗೆ ಈ ಅಪಾಯದ ಅರಿವು ಇಲ್ಲದಿರಲಿಲ್ಲ. ೧೯೧೯ರಲ್ಲಿ ಅವರು ತಮ್ಮ ಸಂಸ್ಥಾನದಲ್ಲಿ ಅಸ್ಪೃಶ್ಯರಿಗಾಗಿ ಇದ್ದ ಪ್ರತ್ಯೇಕ ಶಾಲೆಗಳನ್ನು ಮುಚ್ಚಿಸಿ, ಆ ಮಕ್ಕಳನ್ನು ಸರ್ವಸಾಮಾನ್ಯ ಶಾಲೆಗಳಲ್ಲಿ ಇತರರೊಡನೆ ಸೇರಿಸಿಕೊಳ್ಳಬೇಕೆಂದು ಆಜ್ಞೆ ಮಾಡಿದರು. ೧೮೫೬ರಲ್ಲಿ ಮುಂಬಯಿ ಸರಕಾರವು ಯಾವುದಕ್ಕೆ ಅಂಜಿ ಹಿಂದೆ ಸರಿದಿತ್ತೋ ಅದನ್ನೇ ಒಬ್ಬ ಅರಸನು ಹುಕುಮು ಹೊರಡಿಸಿ ನಡೆಯಿಸಿದನು. ಮೇಲಿನವರು ದೃಢವಾಗಿ ನಿಂತರೆ ಕೆಳಗಿನ ಅಧಿಕಾರಿಯೂ ಗುರುವೂ ನಿಲ್ಲುವರು. ಮೇಲಿನವರು ಅಳುಕಿದರೆ ಗೋಣಿತಟ್ಟು ಮತ್ತೆ ಬರುವುದು.

ಇನ್ನು ನಾವು ಹೇಳಬೇಕಾದ ಮುಖ್ಯ ಕಥೆಗೆ ಬರುವೆವು. ಕೊಲ್ಲಾಪುರದ ಜೈನ ವಸತಿಗೃಹದಲ್ಲಿ ಭಾವೂರಾವ್ ಪಾಟೀಲರೆಂಬ ವಿದ್ಯಾರ್ಥಿಯಿದ್ದರು. ೧೮೮೭ರಲ್ಲಿ ಕುಂಭೋಜದಲ್ಲಿ ಹುಟ್ಟಿದ ಇವರ ಮನೆತನದ ಮೂಲವು ನಮ್ಮ ಮೂಡಬಿದಿರೆಯೆಂದು ಹೇಳುವುದುಂಟು. ಮಿಸ್ ಕ್ಲಾರ್ಕ್ ವಸತಿಗೃಹದ ಸಮಾರಂಭಕ್ಕೆ ಹೋಗಿಬಂದ ಇವರಿಗೆ, ಮೈಲಿಗೆಯಾಯಿತಾದುದರಿಂದ ಸ್ನಾನ ಮಾಡಿಯೇ ಊಟಕ್ಕೆ ಬರಬೇಕೆಂದು ಹೇಳಲಾಯಿತು. ಇವರು ಒಪ್ಪಲಿಲ್ಲ. ಅದರ ಫಲವಾಗಿ ವಸತಿಗೃಹವನ್ನು ಬಿಡಬೇಕಾಯಿತೆಂದು ಇವರ ಜೀವನಚರಿತ್ರೆಯನ್ನು ಬರೆದವರು ತಿಳಿಸುತ್ತಾರೆ. ಜಾತಿಗೊಂದು ವಸತಿಗೃಹವೆಂಬ ವ್ಯವಸ್ಥೆಯ ಗುಣವನ್ನೂ ದೋಷವನ್ನೂ ಇವರಷ್ಟು ಹತ್ತಿರದಿಂದ ಅರಿತವರು ವಿರಳ.

೧೯೧೯ರ ಅಕ್ಟೋಬರಿನಲ್ಲಿ ಸಾತಾರಾ ಜಿಲ್ಲೆಯ ಕಾಲೆ ಎಂಬ ಗ್ರಾಮದಲ್ಲಿ ಪಾಟೀಲರು ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ೧೯೨೪ರಲ್ಲಿ ಅದರ ಕೇಂದ್ರವು ಸಾತಾರೆಗೆ ಬಂದಿತು; ಅದೇ ವರ್ಷ ಅಲ್ಲಿ ಎಲ್ಲ ಜಾತಿಮತಗಳ ವಿದ್ಯಾರ್ಥಿಗಳಿಗಾಗಿ ಒಂದು ವಸತಿಗೃಹವು ಆರಂಭವಾಯಿತು. ೧೯೨೭ರ ಫೆಬ್ರುವರಿಯಲ್ಲಿ ಮಹಾತ್ಮಾ ಗಾಂಧಿಯವರ ಹಸ್ತದಿಂದ ಅದಕ್ಕೆ ಛತ್ರಪತಿ ಶಾಹು ಬೋರ್ಡಿಂಗ್ ಎಂಬ ನಾಮಕರಣವಾಯಿತು. ಅಂಬೇಡಕರರು ಗೋಣಿತಟ್ಟನ್ನು ಹೊತ್ತು ಓಡಾಡಿದ ಊರು ಇದೇ. ನಡುವೆ ಕಳೆದುದು ಇಪ್ಪತ್ತನಾಲ್ಕು ವರ್ಷ.

ಈ ವಸತಿಗೃಹದ ವಿಶೇಷವು ಎಲ್ಲರಿಗೂ ಪ್ರವೇಶವಿದ್ದುದರಲ್ಲಿ ಮಾತ್ರ ಇರಲಿಲ್ಲ. ಅಂಥ ಪ್ರವೇಶವು ೧೮೯೬ರ ಕೊಲ್ಲಾಪುರದಲ್ಲಿಯೂ ಇದ್ದಿತು. ಸಾತಾರೆಯಲ್ಲಿ ಮರಾಠಾ, ಮಹಾರ, ಮಾಂಗ, ಜೈನ, ಮುಸಲ್ಮಾನ ಹುಡುಗರು ಒಂದೇ ಅಡಿಗೆಮನೆಯ ಅನ್ನವನ್ನು ಒಂದೇ ಪಂಕ್ತಿಯಲ್ಲಿ ಉಂಡರು. ಮೇಲಾಗಿ, ಆ ಅಡಿಗೆಯನ್ನು ಮಾಡಿದವರೂ ಅವರೇ. ಸ್ವಾವಲಂಬನವೇ ಸಂಸ್ಥೆಯ ಧ್ಯೇಯವಾಕ್ಯ. ಹೊಲದ ಕೆಲಸ, ಸ್ವಚ್ಛತೆಯ ಕೆಲಸ, ಒಲೆಯ ಮುಂದಿನ ಕೆಲಸ ಎಲ್ಲವೂ ವಿದ್ಯಾರ್ಥಿಗಳ ಪಾಲಿನವು. ದುಡಿದು ಕಲಿಯುವ ಪದ್ಧತಿಯೆಂದು ಇದು ಮುಂದೆ ಪ್ರಸಿದ್ಧವಾಯಿತು. ಪಾಟೀಲರ ಪತ್ನಿಯಾದ ಲಕ್ಷ್ಮೀಬಾಯಿಯವರು ಈ ಹುಡುಗರ ಊಟಕ್ಕಾಗಿ ತಮ್ಮ ಒಡವೆಗಳನ್ನೂ, ಕೊನೆಗೆ ಮಂಗಳಸೂತ್ರವನ್ನೂ ಮಾರಿದರೆಂಬುದು ಆ ನಾಡಿನಲ್ಲಿ ಮನೆಮಾತಾಗಿದೆ.

ಕೂಡಿ ದುಡಿಯುವುದಕ್ಕೂ ಕೂಡಿ ಕುಳಿತುಕೊಳ್ಳುವುದಕ್ಕೂ ಇರುವ ಅಂತರವನ್ನು ಇಲ್ಲಿ ಗಮನಿಸಬೇಕು. ತರಗತಿಯಲ್ಲಿ ಮಗ್ಗುಲಿನವನೊಡನೆ ಒಂದು ಮಾತನ್ನೂ ಆಡದೆ ವರ್ಷವನ್ನು ಕಳೆಯಬಹುದು. ಅವನಿಗೆ ಪಾಠ ಬಂದರೆಷ್ಟು, ಬಾರದಿದ್ದರೆಷ್ಟು? ಒಲೆಯ ಮುಂದೆ ಹಾಗಲ್ಲ. ಒಬ್ಬನು ನೀರನ್ನು ತರದಿದ್ದರೆ ಇನ್ನೊಬ್ಬನ ಹಿಟ್ಟು ನಾದಲ್ಪಡುವುದಿಲ್ಲ. ಇಬ್ಬರೂ ಆಲಸ್ಯ ಮಾಡಿದರೆ ಎಲ್ಲರಿಗೂ ಉಪವಾಸ. ಇಂಥಲ್ಲಿ ಜೊತೆಯವನ ಜಾತಿಗಿಂತ ಅವನ ಕೈಗುಣವೂ ಮಾತಿನ ನೆಟ್ಟತನವೂ ಮುಖ್ಯವಾಗುತ್ತವೆ. ಒಬ್ಬ ಮನುಷ್ಯನ ಗುಣದೋಷಗಳು ಒಮ್ಮೆ ಹೀಗೆ ಬಿಡಿಬಿಡಿಯಾಗಿ ತಿಳಿದ ಮೇಲೆ, ಅವನ ಕುಲದವರೆಲ್ಲರೂ ಹೀಗೆಯೇ ಎಂಬ ಒಟ್ಟು ಮಾತು ಬಾಯಿಗೆ ಅಷ್ಟು ಸುಲಭವಾಗಿ ಬರುವುದಿಲ್ಲ. ಪೂರ್ವಗ್ರಹವೆಂದರೆ ಆ ಒಟ್ಟು ಮಾತೇ.

ಸಾತಾರೆಯ ವಸತಿಗೃಹವು ಆರಂಭವಾಗಿ ಮೂವತ್ತು ವರ್ಷಗಳಾದ ಮೇಲೆ, ೧೯೫೪ರಲ್ಲಿ, ಅಮೇರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ ಎಂಬವರು ಪೂರ್ವಗ್ರಹದ ಸ್ವರೂಪವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಕರಿಯರಿಗೂ ಬಿಳಿಯರಿಗೂ ಪ್ರತ್ಯೇಕ ಶಾಲೆಗಳನ್ನು ನಡೆಸುವುದು ರಾಜ್ಯಾಂಗಕ್ಕೆ ವಿರುದ್ಧವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತುದೂ ಅದೇ ವರ್ಷ. ಭಿನ್ನ ವರ್ಗಗಳ ಸಂಪರ್ಕವು ಪೂರ್ವಗ್ರಹವನ್ನು ತಗ್ಗಿಸಬೇಕಾದರೆ ನಾಲ್ಕು ಅನುಕೂಲಗಳಿರಬೇಕೆಂದು ಆಲ್‌ಪೋರ್ಟರು ಹೇಳಿದರು: ಸಂಪರ್ಕದ ಸ್ಥಳದಲ್ಲಿ ಎಲ್ಲರಿಗೂ ಸಮಾನ ಸ್ಥಾನ; ಎಲ್ಲರಿಗೂ ಸಾಮಾನ್ಯವಾದ ಒಂದು ಗುರಿ; ಅದಕ್ಕಾಗಿ ಸ್ಪರ್ಧೆಯಿಲ್ಲದ ಸಹಕಾರ; ಅಧಿಕಾರಿಗಳ, ಕಾನೂನಿನ ಅಥವಾ ರೂಢಿಯ ಬೆಂಬಲ. ಈ ನಾಲ್ಕನ್ನು ಓದಿ ಸಾತಾರೆಯ ಅಡಿಗೆಮನೆಯನ್ನು ನೆನೆದರೆ, ಶಾಸ್ತ್ರವು ತರುವಾಯ ಹೆಸರಿಟ್ಟುದನ್ನು ಅನುಭವವು ಮೊದಲೇ ಕಂಡುಕೊಂಡಿತ್ತೆಂದು ತೋರುವುದು. ೧೯೦೦ರ ತರಗತಿಯನ್ನು ನೆನೆದರೆ, ಅಲ್ಲಿ ಈ ನಾಲ್ಕರಲ್ಲಿ ಒಂದೂ ಇರಲಿಲ್ಲ.

ಅಮೇರಿಕದಲ್ಲಿಯೂ ಬಾಗಿಲನ್ನು ತೆರೆದುದರಿಂದಲೇ ಕೆಲಸವು ಮುಗಿಯಲಿಲ್ಲ. ೧೯೭೧ರಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದ ಶಾಲೆಗಳಲ್ಲಿ ಭಿನ್ನ ವರ್ಣಗಳ ಮಕ್ಕಳು ಒಟ್ಟಿಗೆ ಬಂದಾಗ ಜಗಳಗಳೇ ಹೆಚ್ಚಿದವು. ಎಲಿಯಟ್ ಆರನ್‌ಸನ್ ಎಂಬ ವಿದ್ವಾಂಸರು ಅಲ್ಲಿಯ ತರಗತಿಗಳನ್ನು ನೋಡಿ, ಗುರುಗಳ ಮೆಚ್ಚುಗೆಗಾಗಿ ಮಕ್ಕಳು ಒಬ್ಬರ ಮೇಲೊಬ್ಬರು ಪೈಪೋಟಿ ನಡೆಸುವುದೇ ರೋಗದ ಮೂಲಗಳಲ್ಲೊಂದೆಂದು ಬಗೆದರು. ಅವರು ಮಕ್ಕಳನ್ನು ಚಿಕ್ಕ ಚಿಕ್ಕ ಮಿಶ್ರ ಗುಂಪುಗಳಾಗಿ ಮಾಡಿ, ಪಾಠವನ್ನು ತುಂಡುಗಳಾಗಿ ವಿಂಗಡಿಸಿ, ಒಬ್ಬೊಬ್ಬರಿಗೆ ಒಂದೊಂದು ತುಂಡನ್ನು ಕೊಟ್ಟರು. ತನ್ನ ಪಾಲನ್ನು ಕಲಿತು ಇತರರಿಗೆ ಹೇಳಿಕೊಡುವುದು ಪ್ರತಿಯೊಬ್ಬನ ಕರ್ತವ್ಯ. ಯಾರನ್ನು ಹೀಯಾಳಿಸುತ್ತಿದ್ದರೋ ಅವನು ಬಾಯಿ ಬಿಟ್ಟು ಹೇಳದಿದ್ದರೆ ಉಳಿದವರ ಪಾಠವೂ ಅಪೂರ್ಣ. ಕೆಲವು ವಾರಗಳಲ್ಲಿಯೇ ಹೀಯಾಳಿಕೆಯು ತಗ್ಗಿ ಪರಸ್ಪರ ಪ್ರೀತಿಯು ಹೆಚ್ಚಿದುದು ಕಂಡುಬಂದಿತು.

ನಮ್ಮ ದೇಶದಲ್ಲಿ ಇತ್ತೀಚೆಗೆ ನಡೆದ ಎರಡು ಪರಿಶೀಲನೆಗಳೂ ಇದನ್ನೇ ಹೇಳುತ್ತವೆ. ದಿಲ್ಲಿಯ ಸಿರಿವಂತ ಖಾಸಗಿ ಶಾಲೆಗಳಲ್ಲಿ ೨೦೦೭ರಿಂದೀಚೆಗೆ ಬಡ ಮಕ್ಕಳಿಗಾಗಿ ಕೆಲವು ಸ್ಥಾನಗಳನ್ನು ಕಾದಿರಿಸಬೇಕಾಯಿತು. ಇದರ ಪರಿಣಾಮವನ್ನು ಅಳೆದ ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಅವರ ಪ್ರಬಂಧವು ೨೦೧೯ರಲ್ಲಿ ಪ್ರಕಟವಾಯಿತು. ಬಡ ಸಹಪಾಠಿಗಳನ್ನು ಪಡೆದ ಸಿರಿವಂತರ ಮಕ್ಕಳಲ್ಲಿ ಔದಾರ್ಯವೂ ಸಮತೆಯ ಭಾವವೂ ಹೆಚ್ಚಿದ್ದವು. ಓಟದ ಪಂದ್ಯಕ್ಕೆ ಜೊತೆಗಾರರನ್ನು ಆರಿಸುವಾಗ ಬಡವನೆಂಬ ಕಾರಣದಿಂದ ಚುರುಕಾದ ಓಟಗಾರನನ್ನು ಬಿಡುವುದು ಅವರಲ್ಲಿ ಕಡಿಮೆಯಾಗಿತ್ತು. ಗಣಿತದಲ್ಲಿಯೂ ಹಿಂದಿಯಲ್ಲಿಯೂ ಅವರಿಗೆ ನಷ್ಟವಾಗಲಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಅಲ್ಪ ಇಳಿತವಿದ್ದಿತು. ಈ ಸತ್ಪರಿಣಾಮದ ಹೆಚ್ಚಿನ ಭಾಗವು ಒಂದೇ ಅಭ್ಯಾಸದ ಗುಂಪಿನಲ್ಲಿದ್ದು ಪ್ರತ್ಯಕ್ಷ ಒಡನಾಡಿದುದರಿಂದ ಬಂದುದೆಂಬುದು ಗಮನಾರ್ಹ. ಉತ್ತರಪ್ರದೇಶದ ಹಳ್ಳಿಗಳಲ್ಲಿ ೧೨೬೧ ಯುವಕರನ್ನು ಕೂಡಿಸಿ ಕ್ರಿಕೆಟ್ ಪಂದ್ಯಾವಳಿಯನ್ನು ನಡೆಸಿದ ಮ್ಯಾಟ್ ಲೋ ಎಂಬವರ ಪ್ರಬಂಧವು ೨೦೨೧ರಲ್ಲಿ ಹೊರಬಂದಿತು. ಬೇರೆ ಜಾತಿಯವರೊಡನೆ ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿಯನ್ನು ಮೀರಿದ ಗೆಳೆತನಗಳು ಹೆಚ್ಚಿದವು. ಬೇರೆ ಜಾತಿಯವರನ್ನು ಎದುರಾಳಿಗಳಾಗಿ ಮಾತ್ರ ಕಂಡವರಲ್ಲಿ ಅಂಥ ಗೆಳೆತನಗಳು ಕುಗ್ಗಿದವು. ಮೈದಾನವು ಒಂದೇ, ಆಟವೂ ಒಂದೇ; ಒಡನಾಟದ ಬಗೆಯು ಬೇರೆಯಾದುದರಿಂದ ಫಲವೂ ಬೇರೆಯಾಯಿತು.

ಇಲ್ಲಿ ವಿವೇಕಿಗಳು ಎತ್ತುವ ಒಂದು ಆಕ್ಷೇಪಕ್ಕೆ ಉತ್ತರವನ್ನು ಹೇಳಬೇಕು. ಮೇಲಿನವರ ಮಕ್ಕಳ ಪೂರ್ವಗ್ರಹವನ್ನು ಕಳೆಯುವುದಕ್ಕೆ ದಲಿತ ಬಾಲಕನು ಔಷಧಿಯಾಗಬೇಕೆ? ಮೊದಲ ದಿನಗಳ ತಾತ್ಸಾರವನ್ನೂ ಕುಹಕವನ್ನೂ ಸಹಿಸಬೇಕಾದವನು ಅವನೇ ತಾನೆ? ಈ ಆಕ್ಷೇಪದಲ್ಲಿ ಹುರುಳಿದೆ. ಅವಮಾನವನ್ನು ಬಾಲ್ಯದಲ್ಲಿಯೇ ಉಂಡಿದ್ದ ಅಂಬೇಡಕರರು ದಲಿತ ವಿದ್ಯಾರ್ಥಿಗಳಿಗಾಗಿ ವಸತಿಗೃಹಗಳನ್ನು ನಡೆಸಿದುದು, ಹುಡುಗನೊಬ್ಬನು ತಲೆಯೆತ್ತಿ ಓದಲು ನೆಲೆಯೊಂದು ಬೇಕೆಂಬ ಅರಿವಿನಿಂದಲೇ. ಮತ್ತೊಂದು ಸೂಕ್ಷ್ಮವನ್ನೂ ಈಚಿನ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ: ನಯವಾದ ಗೆಳೆತನದಿಂದ ಮೇಲಿನವರ ದ್ವೇಷವು ತಗ್ಗುವಂತೆ, ಕೆಳಗಿನವರು ತಮ್ಮ ಹಕ್ಕಿಗಾಗಿ ಕೇಳುವ ಧ್ವನಿಯೂ ಕೆಲವೊಮ್ಮೆ ತಗ್ಗಿಬಿಡುತ್ತದೆ. ಆದುದರಿಂದ ಸಹವಾಸವು ನ್ಯಾಯಕ್ಕೆ ಬದಲಾಗಲಾರದು. ಸಮಾನ ಸ್ಥಾನವೆಂಬ ಕಟ್ಟಳೆಯನ್ನು ಮೊದಲು ಹೇಳಿದುದೂ ಇದಕ್ಕಾಗಿಯೇ. ಆ ಕಟ್ಟಳೆಯನ್ನು ಕಾಯುವ ಹೊಣೆಯು ಮಕ್ಕಳದಲ್ಲ. ಗುರುಗಳದು, ಆಡಳಿತದವರದು, ಹೆತ್ತವರದು.

ಇನ್ನು ನಮ್ಮ ಇಂದಿನ ಸ್ಥಿತಿಯನ್ನು ನೋಡುವ. ೧೯೫೦ರಲ್ಲಿ ಜಾರಿಗೆ ಬಂದ 'ಸಂವಿಧಾನ'ವು ಅಸ್ಪೃಶ್ಯತೆಯನ್ನು ನಿಷೇಧಿಸಿತು. ಶಾಲೆಯ ಬಾಗಿಲಿನ ಪ್ರಶ್ನೆಯು ಕಾನೂನಿನ ದೃಷ್ಟಿಯಿಂದ ತೀರಿತು. ೨೦೦೧ರ ನವಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸರಕಾರೀ ಪ್ರಾಥಮಿಕ ಶಾಲೆಗಳಲ್ಲಿ ಬಿಸಿಯೂಟವನ್ನು ಕೊಡಬೇಕೆಂದು ಆಜ್ಞಾಪಿಸಿತು. ನಮ್ಮ ರಾಜ್ಯದಲ್ಲಿ ಅದು ೨೦೦೨ರಲ್ಲಿ ಈಶಾನ್ಯದ ಜಿಲ್ಲೆಗಳಿಂದ ಮೊದಲುಗೊಂಡು ಅಕ್ಷರ ದಾಸೋಹವೆಂಬ ಸುಂದರ ಹೆಸರಿನಿಂದ ಎಲ್ಲೆಡೆಗೂ ಹಬ್ಬಿತು. ಸಾತಾರೆಯ ಒಂದು ಮನೆಯಲ್ಲಿ ನಡೆದ ಸಹಪಂಕ್ತಿಯು ಈಗ ಊರೂರಿನ ಶಾಲೆಯ ಅಂಗಳದಲ್ಲಿ ದಿನವೂ ನಡೆಯುತ್ತದೆ. ಅಡಿಗೆಯ ಕೆಲಸದ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಬೇಕೆಂದು ೨೦೦೪ರಲ್ಲಿ ಅದೇ ನ್ಯಾಯಾಲಯವು ಹೇಳಿದುದೂ ದೂರದೃಷ್ಟಿಯ ಮಾತೇ. ಆದರೂ ಅಡಿಗೆಯಾಕೆಯ ಜಾತಿಯನ್ನು ನೆವಮಾಡಿ ಮಕ್ಕಳನ್ನು ಊಟದಿಂದ ಎಬ್ಬಿಸಿದ ಸುದ್ದಿಗಳು ಹಲವು ರಾಜ್ಯಗಳಿಂದಲೂ, ನಮ್ಮ ನಾಡಿನಿಂದಲೂ ಬಂದಿವೆ. ಎಬ್ಬಿಸಿದವರು ಮಕ್ಕಳಲ್ಲ, ಹಿರಿಯರು ಎಂಬುದನ್ನು ಮರೆಯಬಾರದು.

ಇದಕ್ಕಿಂತಲೂ ಸದ್ದಿಲ್ಲದೆ ನಡೆದ ಒಂದು ಬದಲಾವಣೆಯು ಹೆಚ್ಚು ಚಿಂತೆಗೆ ಕಾರಣವಾಗಿದೆ. ಅನುಕೂಲವಿರುವ ಮನೆಗಳವರು ತಮ್ಮ ಮಕ್ಕಳನ್ನು ಸರಕಾರೀ ಶಾಲೆಗಳಿಂದ ಬಹುಮಟ್ಟಿಗೆ ಬಿಡಿಸಿ, ಶುಲ್ಕವೇ ಬಾಗಿಲು ಕಾಯುವ ಶಾಲೆಗಳಿಗೆ ಕಳುಹಿಸುತ್ತಿದ್ದಾರೆ. ೧೮೫೬ರಲ್ಲಿ ಒಬ್ಬ ಬಾಲಕನು ಒಳಗೆ ಬಂದರೆ ಉಳಿದವರು ಎದ್ದುಹೋದಾರೆಂದು ಸರಕಾರವು ಅಂಜಿತು. ಈಗ ಎಲ್ಲರೂ ಒಳಗೆ ಬಂದಿದ್ದಾರೆ. ಮೊದಲು ಒಳಗಿದ್ದವರಲ್ಲಿ ಅನೇಕರು ಎದ್ದುಹೋಗಿದ್ದಾರೆ. ಜಾತಿಯ ಹೆಸರನ್ನು ಯಾರೂ ಎತ್ತುವುದಿಲ್ಲ, ಅದರ ಅವಶ್ಯಕತೆಯೂ ಇಲ್ಲ. ಖಾಸಗಿ ಶಾಲೆಗಳಲ್ಲಿ ನೂರಕ್ಕೆ ಇಪ್ಪತ್ತೈದು ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕೆಂದು ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯು ವಿಧಿಸಿತು. ೨೦೧೯ರಲ್ಲಿ ನಮ್ಮ ರಾಜ್ಯವು, ನೆರೆಯಲ್ಲಿ ಸರಕಾರೀ ಅಥವಾ ಅನುದಾನಿತ ಶಾಲೆಯಿದ್ದಲ್ಲಿ ಈ ಸ್ಥಾನಗಳು ದೊರೆಯದಂತೆ ನಿಯಮಗಳನ್ನು ತಿದ್ದಿತು. ಸರಕಾರೀ ಶಾಲೆಗಳು ಬರಿದಾಗುತ್ತಿವೆಯೆಂಬ ಕಾರಣವು ಸುಳ್ಳಲ್ಲ. ಆದರೆ ಭಿನ್ನ ಮನೆಗಳ ಮಕ್ಕಳು ಒಂದೇ ಗುಂಪಿನಲ್ಲಿ ಓದುವ ಸಂದರ್ಭವು ಇದರಿಂದ ಇನ್ನಷ್ಟು ಕಿರಿದಾಯಿತೆಂಬುದೂ ಅಷ್ಟೇ ನಿಜ.

ಸುಶಿಕ್ಷಿತ ಮನೆಗಳ ಮುಂದಿರುವ ಪ್ರಶ್ನೆಯು ಇದು. ನಮ್ಮ ಮಗುವಿಗೆ ಒಳ್ಳೆಯ ಶಾಲೆ ಬೇಕೆನ್ನುವಾಗ ಒಳ್ಳೆಯದೆಂಬುದರ ಅರ್ಥವನ್ನು ಅಂಕಗಳಲ್ಲಿಯೇ ಮುಗಿಸಿಬಿಡುತ್ತೇವೆಯೆ? ಅಲ್ಲಿ ಯಾರ ಯಾರ ಮಕ್ಕಳು ಕಲಿಯುತ್ತಾರೆ, ಅವರು ಹೇಗೆ ಕೂಡಿಸಲ್ಪಡುತ್ತಾರೆ, ಕೆಲಸದಲ್ಲಿ ಎಲ್ಲರಿಗೂ ಸಮಪಾಲು ಉಂಟೆ, ಗುರುಗಳು ಭೇದವನ್ನು ಕಂಡಾಗ ತಡೆಯುತ್ತಾರೆಯೆ ಎಂದು ಕೇಳುವ ಹೆತ್ತವರು ಎಷ್ಟು ಮಂದಿ? ಶಾಲೆಯು ಇದನ್ನು ಮಾಡದಿದ್ದಲ್ಲಿ ಮಾಡಿಸಬಹುದಾದ ಎಡೆಗಳು ಬೇರೆಯೂ ಇವೆ. ಊರಿನ ಗ್ರಂಥಾಲಯ, ಆಟದ ತಂಡ, ನಾಟಕದ ಮೇಳ, ಸೇವಾದಳ ಇವುಗಳಲ್ಲಿ ಬೇರೆ ಬೇರೆ ಓಣಿಗಳ ಮಕ್ಕಳನ್ನು ಒಂದೇ ಕೆಲಸಕ್ಕೆ ಹಚ್ಚುವುದು ಇಂಥ ಸಾಹಿತ್ಯಸಂಘಗಳಿಗೂ ಅಸಾಧ್ಯವಾದುದಲ್ಲ. ಕೆಲಸವು ನಿಜವಾಗಿರಬೇಕು, ಪಾಲು ಸಮನಾಗಿರಬೇಕು, ಹಿರಿಯರು ಹಿಂದೆ ನಿಂತಿರಬೇಕು. ವರ್ಷಕ್ಕೊಮ್ಮೆ ಒಂದೇ ವೇದಿಕೆಯ ಮೇಲೆ ನಿಲ್ಲಿಸಿ ಭಾವಚಿತ್ರ ತೆಗೆಯಿಸುವುದರಿಂದ ಈ ಕಾರ್ಯವು ಆಗುವುದಿಲ್ಲ.

ಭಾವೂರಾವ್ ಪಾಟೀಲರು ೧೯೫೯ರಲ್ಲಿ ತೀರಿಕೊಂಡರು. ಅವರು ದೊಡ್ಡ ಗ್ರಂಥಕರ್ತರಾಗಿರಲಿಲ್ಲ, ಮನಶ್ಶಾಸ್ತ್ರವನ್ನು ಓದಿದವರೂ ಅಲ್ಲ. ಹುಡುಗರು ಕೂಡಿ ದುಡಿದು ಕೂಡಿ ಉಂಡರೆ ಉಳಿದುದು ತಾನಾಗಿ ಸಡಿಲವಾಗುವುದೆಂದು ಅವರು ನಂಬಿದರು. ಹಾಗೆ ನಂಬಿದ ಮೇಲೆ, ಮಕ್ಕಳ ಕೈಗೆ ಕೆಲಸವನ್ನು ಕೊಟ್ಟು, ಅವರ ನಡುವೆ ಭೇದವನ್ನು ತರಲು ಬಂದ ಹಿರಿಯರಿಗೆ ಅಡ್ಡ ನಿಂತರು. ಈ ಎರಡನೆಯ ಕೆಲಸವೇ ಕಠಿಣವಾದುದು. ಮಕ್ಕಳು ಬೆರೆಯಲು ಬಹುಕಾಲ ಬೇಡ. ಅವರು ಬೆರೆತುದನ್ನು ಸಂಜೆ ಮನೆಯಲ್ಲಿ ಬೇರ್ಪಡಿಸದೆ ಇರುವ ಧೈರ್ಯವು ನಮಗೆ ಬೇಕಾಗಿದೆ.